ಗುಣಾಕಾರವೂ ತಾಳೆಯೂ

ಕಂಪ್ಯೂಟರಿನ ವೇಗ ಒಂದು ಮಗ್ಗಿಯ ಲೆಕ್ಕ, ಮಕ್ಕಳೇ. ಬಸ್ ವೇಗವನ್ನು ಮಲ್ಟಿಪ್ಲೈಯರ್‌ನಿಂದ ಗುಣಿಸಿದರೆ ಪ್ರೊಸೆಸರಿನ ವೇಗ. ಕಂಪನಿ ಗೊತ್ತುಮಾಡಿದ್ದಕ್ಕಿಂತ ಅದನ್ನು ಹೆಚ್ಚಿಸುವುದೇ ಓವರ್‌ಕ್ಲಾಕಿಂಗ್.

1998ರಲ್ಲಿ ಬಂದ ಇಂಟೆಲ್ ಸೆಲೆರಾನ್ 300ಎ ನೋಡಿ. ಬಸ್ 66 ಮೆಗಾಹರ್ಟ್ಸ್, ಮಲ್ಟಿಪ್ಲೈಯರ್ 4.5, ವೇಗ ಸುಮಾರು 300. ಮಲ್ಟಿಪ್ಲೈಯರ್‌ಗೆ ಕಂಪನಿ ಬೀಗ ಹಾಕಿತ್ತು. ಹವ್ಯಾಸಿಗಳು ಬಸ್ಸನ್ನೇ 100ಕ್ಕೆ ಏರಿಸಿ 450 ಪಡೆದರು!

ಬೀಗವಿಲ್ಲದಿದ್ದರೆ 75ನ್ನು 6ರಿಂದ ಗುಣಿಸಿದರೂ 450. ಆದರೆ ಎರಡೂ ಒಂದೇ ಅಲ್ಲ. ದಾಂಡೇಲಿಯಲ್ಲಿ ಕಾಗದ ಕಾರ್ಖಾನೆಯ ಪಗಾರದ ದಿನ ನಮ್ಮ ಬ್ಯಾಂಕಿನ ಕ್ಯಾಶಿಯರ್ ಎಷ್ಟೇ ಚುರುಕಾದರೂ ಲೆಡ್ಜರ್ ಬರುವವರೆಗೆ ಕಾಯಬೇಕಿತ್ತು. ಮಲ್ಟಿಪ್ಲೈಯರ್ ಏರಿಸಿದರೆ ಕ್ಯಾಶಿಯರ್ ಮಾತ್ರ ಚುರುಕು. ಬಸ್ ಏರಿಸಿದರೆ ಲೆಡ್ಜರ್ ತರುವವನೂ ಓಡಬೇಕು. ಮೆಮೊರಿಗೆ ಆ ಓಟ ತಾಳದಿದ್ದರೆ ಕಂಪ್ಯೂಟರ್ ನಿಂತೇಹೋದೀತು. ಆದ್ದರಿಂದ ಮಲ್ಟಿಪ್ಲೈಯರ್ ಇಳಿಸಿಟ್ಟು ಬಸ್ಸನ್ನು ಸ್ವಲ್ಪಸ್ವಲ್ಪವೇ ಏರಿಸಿ ನೋಡಬೇಕು. ಅದು ನಿಂತ ಮೇಲೆ ಮಲ್ಟಿಪ್ಲೈಯರನ್ನು ಒಂದೊಂದೇ ಮೆಟ್ಟಿಲು ಹತ್ತಿಸಬೇಕು.

ವೇಗದ ಜೊತೆ ಬಿಸಿಯೂ ಏರುತ್ತದೆ. ಮಿತಿ ಮೀರಿದರೆ ಪ್ರೊಸೆಸರ್ ಕೂಡುವುದರಲ್ಲೇ ತಪ್ಪಬಹುದು. ಹಳಿಯಾಳದ ಮೊಮ್ಮಗ ಮನೆಯ ಹಳೆಯ ಡೆಸ್ಕ್‌ಟಾಪಿಗೆ ಇದನ್ನೇ ಮಾಡಹೊರಟಾಗ ಅಂದೆ: “ತಮ್ಮಾ, ಮೊದಲು ಫೋಟೋ, ಪಾಠ ಎಲ್ಲ ಬೇರೆ ಕಡೆ ನಕಲು ಮಾಡಿಡು. ಫ್ಯಾನಿನ ಧೂಳು ತೆಗೆ. ತಾಳೆಯಾಗದ ಲೆಕ್ಕ ಎಷ್ಟು ಬೇಗ ಮುಗಿದರೂ ಮುಗಿದಂತಲ್ಲ.”