ಮುಚ್ಚಿದಾಗ ಒದೆಯುತ್ತೆ

ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ದಾರಿಯಲ್ಲಿ ನಮ್ಮೂರು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆ. ಶೇಂಗಾ ಮೇಲಿಂದ ಮೇಲೆ ಕೈಕೊಟ್ಟ ಮೇಲೆ ಅಪ್ಪ ಎರಡೆಕರೆ ದಾಳಿಂಬೆ ಹಾಕಿದರು. ಬೋರಿನ ನೀರು ಒಂದೇ ಸಲ ಇಡೀ ತೋಟಕ್ಕೆ ಸಾಲಲ್ಲ, ತ್ರೀ ಫೇಸ್ ಕರೆಂಟು ಬರೋದು ರಾತ್ರಿ. ತೋಟವನ್ನು ನಾಲ್ಕು ಭಾಗ ಮಾಡಿ, ಗಂಟೆಗೊಮ್ಮೆ ಎದ್ದು ಗೇಟ್‌ವಾಲ್ ತಿರುಗಿಸಬೇಕು. ಮಂಡಿನೋವಿನ ಅಪ್ಪ, ಕೈಯಲ್ಲೊಂದು ಬ್ಯಾಟರಿ. ವಾಲ್ ಪಕ್ಕದಲ್ಲೇ ಕೊಳಕುಮಂಡಲ ಮಲಗಿತ್ತು ಅಂತ ಅವ್ವ ಫೋನಲ್ಲಿ ಹೇಳಿದ ದಿನ ನನಗೆ ನಿದ್ದೆ ಬರಲಿಲ್ಲ.

ಆರ್ಡ್ಯುಯಿನೋ ತಂದೆ. ನಾಲ್ಕು ರಿಲೇ, ನಾಲ್ಕು 12 ವೋಲ್ಟಿನ ಸೊಲೆನಾಯ್ಡ್ ವಾಲ್ವು. ಬೆಂಗಳೂರಿನ ರೂಮಿನಲ್ಲಿ ವಾಲ್ವಿನ ಬದಲು ಎಲ್‌ಇಡಿ ಹಾಕಿ ಟೆಸ್ಟ್ ಮಾಡಿದೆ, ಒಂದು ತಪ್ಪೂ ಇಲ್ಲ. ತೋಟದಲ್ಲಿ ಕೂರಿಸಿದ ಮೂರನೇ ಬೆಳಿಗ್ಗೆ ಅಪ್ಪನ ಫೋನು. ಒಂದನೇ ಭಾಗ ಕೆಸರು, ನಾಲ್ಕನೇದು ಒಣ. ಬೋರ್ಡು ನಡುವೆ ರೀಸೆಟ್ ಆಗಿ, ಪ್ರತಿ ಸಲ ಒಂದನೇ ಭಾಗದಿಂದಲೇ ಶುರು ಮಾಡುತ್ತಿತ್ತು. ದಾಳಿಂಬೆಗೆ ನೀರು ಏರುಪೇರಾದರೆ ಕಾಯಿ ಸೀಳುತ್ತೆ. ಸೀಳಿದ ಕಾಯನ್ನು ಯಾರೂ ಕೇಳಲ್ಲ.

ಎರಡು ವೀಕೆಂಡು ಊರಿಗೆ ಹೋಗಿ ಕೋಡ್ ಜಾಲಾಡಿದೆ. ಟೈಮರ್, ಮೆಮೊರಿ, ಎಲ್ಲ ಸರಿ. ಚಳ್ಳಕೆರೆ ಹತ್ತಿರ ಡಿಆರ್‌ಡಿಒದವರು ಡ್ರೋನ್ ಹಾರಿಸ್ತಾರೆ, ನನಗೆ ಒಂದು ವಾಲ್ವು ಮುಚ್ಚಕ್ಕಾಗ್ತಿಲ್ಲ ಅನ್ನಿಸಿತು.

ಆಗ ಅಪ್ಪ ಅಂದರು: "ತೆಗೆದಾಗ ಏನೂ ಆಗಲ್ಲ ಕಣಪ್ಪ. ಮುಚ್ಚಿದಾಗ್ಲೇ ಅದರ ದೀಪ ಹೋಗಿ ಬರ್ತೈತೆ. ದಡಕ್ಕನೆ ಗೇಟ್‌ವಾಲ್ ಮುಚ್ಚಿದ್ರೆ ಪೈಪು ಒದಿಯಲ್ವಾ, ಹಂಗೇ ಏನೋ ಇರ್ಬೇಕು."

ಮೂರು ರಾತ್ರಿ ಪೆಟ್ಟಿಗೆ ಮುಂದೆ ಕೂತು ನೋಡಿದ್ದರಂತೆ. ಯಾವ ನಿದ್ದೆ ಉಳಿಸೋಕೆ ಅದನ್ನು ಮಾಡಿದ್ದೆನೋ ಅದೇ ನಿದ್ದೆ ಕೆಟ್ಟು.

ವಾಲ್ವಿನ ವೈರು ಬಿಚ್ಚಿ ರಿಲೇಗಳನ್ನಷ್ಟೇ ನೂರು ಸಲ ಆನ್-ಆಫ್ ಮಾಡಿದೆ. ಒಮ್ಮೆಯೂ ರೀಸೆಟ್ ಇಲ್ಲ. ವೈರು ಸಿಕ್ಕಿಸಿದೆ, ಐದನೇ ಆಫ್‌ಗೆ ಬಿತ್ತು. ಅಪ್ಪ ಹೇಳಿದ್ದು ಸರಿ. ವಾಲ್ವಿನೊಳಗಿರೋದು ತಂತಿಯ ಸುರುಳಿ. ಹರಿಯುವ ಕರೆಂಟನ್ನು ತಟ್ಟನೆ ಕಡಿದರೆ ಅದು ಸುಮ್ಮನಾಗಲ್ಲ. ಪೈಪಿನ ನೀರಿನ ಹಾಗೆ ಮುಂದಕ್ಕೆ ನುಗ್ಗುತ್ತೆ. 12 ವೋಲ್ಟಿನ ವಾಲ್ವು ಆ ಕ್ಷಣಕ್ಕೆ ನೂರಾರು ವೋಲ್ಟು ಎಬ್ಬಿಸುತ್ತೆ, ರಿಲೇಯಲ್ಲಿ ಕಿಡಿ ಹಾರುತ್ತೆ, ಬೋರ್ಡು ಬೆಚ್ಚಿ ಬೀಳುತ್ತೆ. ಎಲ್‌ಇಡಿಯಲ್ಲಿ ಸುರುಳಿಯೇ ಇಲ್ಲ, ರೂಮಿನಲ್ಲಿ ಹೇಗೆ ಗೊತ್ತಾಗಬೇಕು? ರಿಲೇ ಬೋರ್ಡಿನ ಮೇಲೆ ಡಯೋಡ್ ಇತ್ತು ನಿಜ, ಆದರೆ ಅದು ಕಾಯೋದು ರಿಲೇಯ ಸುರುಳಿಯನ್ನು, ವಾಲ್ವಿನದ್ದನ್ನಲ್ಲ. ಬಿಇ ಮೊದಲ ವರ್ಷವೇ ಇದನ್ನು ಬರೆದು ಪಾಸಾಗಿದ್ದೆ. ಕೋಡ್ ಬರೆಯೋನಿಗೆ ತಪ್ಪು ಯಾವಾಗಲೂ ಕೋಡಲ್ಲೇ ಕಾಣುತ್ತೆ.

ಚಳ್ಳಕೆರೆಯ ಟಿವಿ ರಿಪೇರಿ ಅಂಗಡಿಯಲ್ಲಿ ನಾಲ್ಕು 1ಎನ್4007 ಡಯೋಡ್ ಸಿಕ್ಕವು. ಒಂದಕ್ಕೆ ಎರಡು ರೂಪಾಯಿ. ಪ್ರತಿ ವಾಲ್ವಿನ ಎರಡು ತುದಿಗೆ ಅಡ್ಡಲಾಗಿ, ಬೆಳ್ಳಿ ಗೆರೆ ಪ್ಲಸ್ ಕಡೆಗೆ ಬರುವಂತೆ ಬೆಸುಗೆ ಹಾಕಿದೆ. ಉಲ್ಟಾ ಹಾಕಿದರೆ ಶಾರ್ಟ್. ನುಗ್ಗುವ ಕರೆಂಟು ಈಗ ಅಲ್ಲೇ ಸುತ್ತಿ ತಣಿಯುತ್ತೆ. ಬೋರ್ಡಿಗೆ ಬೇರೆ ಅಡಾಪ್ಟರ್ ಕೊಟ್ಟೆ. ಎಷ್ಟನೇ ಭಾಗ ನಡೀತಿದೆ ಅನ್ನೋದನ್ನು ಇಇಪ್ರಾಮ್‌ನಲ್ಲಿ ಬರೆದಿಡಿಸಿದೆ. ನಮ್ಮೂರಲ್ಲಿ ಕರೆಂಟು ಹೋಗಿ ಬರೋದು ಗೊತ್ತಿದ್ದೂ ಮೊದಲೇ ಹೊಳೆದಿರಲಿಲ್ಲ.

ಆಮೇಲೆ ರೀಸೆಟ್ ಆಗಿಲ್ಲ. ಮೊನ್ನೆ ಪಕ್ಕದ ತೋಟದವರು ನೋಡೋಕೆ ಬಂದಿದ್ದರಂತೆ. ಅಪ್ಪ ಅವರಿಗೆ ಹೇಳಿದ್ದನ್ನು ಅವ್ವ ಫೋನಲ್ಲಿ ನಗುತ್ತಾ ವರದಿ ಮಾಡಿದಳು:

"ಮಾಡಿದ್ದು ನನ್ ಮಗ. ರಿಪೇರಿ ಮಾತ್ರ ನಂದು."