ಪೆಟ್ಟಿಗೆಯೊಳಗೆ ಎಷ್ಟು ಗುಂಡು?

2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಕಂಚು ಗೆದ್ದರು. ಟೀವಿಯ ಮುಂದೆ ಕುಳಿತು ಚಪ್ಪಾಳೆ ತಟ್ಟಿದ ಮಕ್ಕಳಲ್ಲಿ ಎಷ್ಟು ಮಂದಿ ಒಂದು ಸಂಗತಿಯನ್ನು ಗಮನಿಸಿದರೋ ತಿಳಿಯದು. ಆ ಸ್ಪರ್ಧೆಯಲ್ಲಿ ರೈಫಲ್ಲಿಗೆ ಒಂದು ಸಲಕ್ಕೆ ತುಂಬುವುದು ಒಂದೇ ಒಂದು ಗುಂಡು. ಹೊಡೆಯಬೇಕು, ಹಿಡಿ ಎಳೆದು ಖಾಲಿ ತೋಟಾ ಹೊರಹಾಕಬೇಕು, ಇನ್ನೊಂದನ್ನು ಬೆರಳಿನಿಂದ ಇಡಬೇಕು, ಉಸಿರು ಹಿಡಿದು ಮತ್ತೆ ಗುರಿ ನೋಡಬೇಕು. ಅರ್ಹತಾ ಸುತ್ತಿನಲ್ಲಿ ಹೀಗೆ 60 ಸಲ. ಮಂಡಿಯೂರಿ 20, ಮಲಗಿ 20, ನಿಂತು 20. ಅಲ್ಲಿನ ನಿಯಮವೇ ಹಾಗೆ.

ಎಲ್ಲ ರೈಫಲ್ಲುಗಳೂ ಇಷ್ಟು ಸಾವಧಾನದವಲ್ಲ. ಹಲವು ರೈಫಲ್ಲುಗಳ ಕೆಳಗೆ ಪುಟ್ಟ ಪೆಟ್ಟಿಗೆಯೊಂದನ್ನು ಸಿಕ್ಕಿಸಿರುತ್ತಾರೆ. ಅದರ ತಳದಲ್ಲೊಂದು ಸ್ಪ್ರಿಂಗು. ಮೇಲಿನ ಗುಂಡು ಹೋದಂತೆ ಕೆಳಗಿನದನ್ನು ಅದು ಮೇಲಕ್ಕೆ ತಳ್ಳುತ್ತದೆ. ಈ ಪೆಟ್ಟಿಗೆಯ ಹೆಸರು ಮ್ಯಾಗಜಿನ್. ಓದುಗರ ಕೈಯಲ್ಲಿರುವ ವಾರದ ಮ್ಯಾಗಜಿನ್ನಿಗೂ ಇದಕ್ಕೂ ಏನು ನಂಟು ಎಂದು ಕೇಳಿದರೆ, ನಂಟು ಉಂಟು. ಅರಬ್ಬಿಯಲ್ಲಿ ಉಗ್ರಾಣಕ್ಕೆ ಮಖ್ಜನ್ ಎನ್ನುತ್ತಾರೆ. ಆ ಪದ ಯುರೋಪಿಗೆ ಹೋಗಿ ಮದ್ದುಗುಂಡಿನ ಉಗ್ರಾಣವನ್ನೂ ಸೂಚಿಸತೊಡಗಿತು. ನಮ್ಮ ಶ್ರೀರಂಗಪಟ್ಟಣದ ಮದ್ದಿನಮನೆಗಳಂಥವು ಇಂಗ್ಲಿಷರ ಬಾಯಲ್ಲಿ ಮ್ಯಾಗಜಿನ್ನುಗಳೇ. 1731ರಲ್ಲಿ ಲಂಡನ್ನಿನ ಪ್ರಕಾಶಕನೊಬ್ಬ, ಬರಹಗಳ ಉಗ್ರಾಣ ಎಂಬ ಅರ್ಥದಲ್ಲಿ, ತನ್ನ ಪತ್ರಿಕೆಗೂ ಅದೇ ಹೆಸರಿಟ್ಟ.

ಬರಹದ ಉಗ್ರಾಣ ಎಷ್ಟು ದೊಡ್ಡದಾದರೂ ಯಾರ ಪ್ರಾಣಕ್ಕೂ ಅಪಾಯವಿಲ್ಲ. ಗುಂಡಿನ ಉಗ್ರಾಣಕ್ಕೆ ಮಿತಿ ಬೇಕೇ? ಬೇಕಾದರೆ ಎಷ್ಟು? ಈ ಪ್ರಶ್ನೆಗೆ ಎರಡು ಸಲ ಉತ್ತರ ಬರೆದ ದೇಶ ನ್ಯೂಜಿಲೆಂಡ್.

ಅದು ಕುರಿ, ದನ, ಹುಲ್ಲುಗಾವಲುಗಳ ನಾಡು. ಹುಲ್ಲನ್ನೆಲ್ಲ ಮೇಯ್ದು ಮುಗಿಸುವ ಮೊಲಗಳ ಕಾಟ ಅಲ್ಲಿನ ರೈತರಿಗೆ ಹಳೆಯದು. ಹೀಗಾಗಿ ರೈತನ ಮನೆಯಲ್ಲಿ ಕೋವಿ ಇರುವುದು ಸಾಮಾನ್ಯ. ಬೇಟೆಯೂ ಗುರಿಯಾಟವೂ ಅಲ್ಲಿ ಹಳೆಯ ಹವ್ಯಾಸಗಳು. 1990ರ ನವೆಂಬರಿನಲ್ಲಿ ಅರಮೋವಾನ ಎಂಬ ಕಡಲತೀರದ ಹಳ್ಳಿಯಲ್ಲಿ ಒಬ್ಬ ಮನುಷ್ಯ 13 ಜನರನ್ನು ಗುಂಡಿಟ್ಟು ಕೊಂದ. ದೇಶ ನಡುಗಿತು. 1992ರಲ್ಲಿ ಕಾಯಿದೆ ತಿದ್ದಿದರು. ಪ್ರತಿ ಸಲ ಕುದುರೆ ಎಳೆದಾಗಲೂ ಮುಂದಿನ ಗುಂಡು ತಾನಾಗಿ ಸಿದ್ಧವಾಗುವ ಅರೆ ಸ್ವಯಂಚಾಲಿತ ರೈಫಲ್ಲುಗಳಿಗೆ ಒಂದು ಅಂಕಿ ಬಂತು. ಶಕ್ತಿಶಾಲಿ ಗುಂಡಿನ ರೈಫಲ್ಲಾದರೆ ಪೆಟ್ಟಿಗೆಯಲ್ಲಿ 7 ಗುಂಡುಗಳವರೆಗೆ ಸಾಮಾನ್ಯ ಲೈಸೆನ್ಸು ಸಾಕು; ಅದಕ್ಕಿಂತ ಹೆಚ್ಚಾದರೆ ವಿಶೇಷ ಅನುಮತಿ ಬೇಕು.

ಅಂಕಿಯೇನೋ ಚೆನ್ನಾಗಿಯೇ ಇತ್ತು. ಆದರೆ ಅದನ್ನು ಕಟ್ಟಿದ್ದು ಕೋವಿಯ ಕೊರಳಿಗೆ, ಪೆಟ್ಟಿಗೆಗಲ್ಲ. 30 ಗುಂಡಿನ ಪೆಟ್ಟಿಗೆಯನ್ನು ಕೊಳ್ಳಲು ಯಾವ ಲೈಸೆನ್ಸೂ ಬೇಕಿರಲಿಲ್ಲ. ಎರಡನ್ನೂ ಜೋಡಿಸುವುದು ಅಪರಾಧ, ಬೇರೆ ಬೇರೆಯಾಗಿ ಕೊಳ್ಳುವುದು ಅಪರಾಧವಲ್ಲ!

ಮನೆಯ ಫ್ಯೂಜನ್ನು ನೆನಪಿಸಿಕೊಂಡರೆ ವಿಷಯ ಸುಲಭ. 5 ಆಂಪಿಯರಿನ ತೆಳುತಂತಿ ಇರಬೇಕಾದ ಕಡೆ, ಪದೇ ಪದೇ ಹೋಗುತ್ತದೆಂದು ದಪ್ಪ ತಾಮ್ರದ ತಂತಿ ಸುತ್ತುವವರು ಪ್ರತಿ ಬೀದಿಯಲ್ಲೂ ಇದ್ದಾರೆ. ಫ್ಯೂಜಿನ ಮೇಲೆ 5 ಎಂದೇ ಬರೆದಿರುತ್ತದೆ. ಆದರೆ ಬೆಂಕಿಗೆ ಓದು ಬಾರದು.

2019ರ ಮಾರ್ಚ್ 15, ಶುಕ್ರವಾರ. ಕ್ರೈಸ್ಟ್‌ಚರ್ಚ್ ನಗರದ ಎರಡು ಮಸೀದಿಗಳಲ್ಲಿ ಪ್ರಾರ್ಥನೆಗೆ ಸೇರಿದ್ದವರ ಮೇಲೆ ಒಬ್ಬ ಗುಂಡು ಹಾರಿಸಿದ. 51 ಜನ ತೀರಿಕೊಂಡರು. ಭಾರತದಿಂದ ಹೋಗಿ ಅಲ್ಲಿ ನೆಲೆಸಿದ್ದವರೂ ಅವರಲ್ಲಿದ್ದರು. ಕೊಂದವನ ಬಳಿ ಇದ್ದದ್ದು ಸಾಮಾನ್ಯ ಲೈಸೆನ್ಸು. ಜೊತೆಗೆ ದೊಡ್ಡ ಪೆಟ್ಟಿಗೆಗಳು.

ಪೆಟ್ಟಿಗೆ ಚಿಕ್ಕದಾದರೆ ಕೊಲೆ ನಿಲ್ಲುತ್ತದೆಯೇ ಎಂದು ಕೇಳುವವರಿದ್ದಾರೆ. ಲೆಕ್ಕ ಮಾಡಿ ನೋಡಬಹುದು. 30 ಗುಂಡು ಹಾರಿಸಲು 30ರ ಪೆಟ್ಟಿಗೆಯಾದರೆ ನಡುವೆ ಒಮ್ಮೆಯೂ ನಿಲ್ಲಬೇಕಿಲ್ಲ. 10ರದ್ದಾದರೆ ಎರಡು ಸಲ, 5ರದ್ದಾದರೆ ಐದು ಸಲ ಪೆಟ್ಟಿಗೆ ಬದಲಿಸಬೇಕು. ಪಳಗಿದ ಕೈಗೆ ಒಂದೊಂದು ಬದಲಾವಣೆಯೂ ಕೆಲವೇ ಸೆಕೆಂಡುಗಳ ಕೆಲಸ, ನಿಜ. ಆದರೆ ಆ ಸೆಕೆಂಡುಗಳಿಗೆ ಬೆಲೆಯಿದೆ. ಅದೇ ದಿನ ಲಿನ್‌ವುಡ್ ಮಸೀದಿಯ ಹೊರಗೆ ಹಂತಕ ಖಾಲಿಯಾದ ಬಂದೂಕನ್ನು ಬಿಸಾಡಿ, ಇನ್ನೊಂದನ್ನು ತರಲು ಕಾರಿನತ್ತ ಹೋದ. ಪ್ರಾರ್ಥನೆಗೆ ಬಂದಿದ್ದ ಒಬ್ಬರು, ಕೈಗೆ ಸಿಕ್ಕ ಕಾರ್ಡು ಉಜ್ಜುವ ಯಂತ್ರವನ್ನೇ ಅವನತ್ತ ಎಸೆದು, ಬಿದ್ದಿದ್ದ ಖಾಲಿ ಬಂದೂಕನ್ನು ಎತ್ತಿಕೊಂಡು ಅವನ ಬೆನ್ನಟ್ಟಿದರು. ಹಂತಕ ಕಾರು ಹತ್ತಿ ಓಡಿದ. 2022ರಲ್ಲಿ ಸರ್ಕಾರ ಅವರಿಗೆ ಶೌರ್ಯದ ಅತ್ಯುನ್ನತ ಪದಕ ನೀಡಿ ಗೌರವಿಸಿತು. ಧೈರ್ಯ ಅವರದು; ಸಂದು ಒದಗಿಸಿದ್ದು ಆ ಖಾಲಿ ಬಂದೂಕು.

26 ದಿನಗಳಲ್ಲಿ ಸಂಸತ್ತು ಹೊಸ ಕಾಯಿದೆ ಮಾಡಿತು. ಪರವಾಗಿ 119 ಮತ, ವಿರುದ್ಧ ಒಂದೇ ಒಂದು. ಬಹುತೇಕ ಅರೆ ಸ್ವಯಂಚಾಲಿತ ರೈಫಲ್ಲುಗಳು ನಿಷಿದ್ಧವಾದವು. ಮೊಲದ ಬೇಟೆಗೂ ಗುರಿಯಾಟಕ್ಕೂ ಬಳಸುವ ಸಣ್ಣ ಗುಂಡಿನ ರೈಫಲ್ಲುಗಳಿಗೆ 10ರ ಮಿತಿಯೊಂದಿಗೆ ಅವಕಾಶ ಉಳಿಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಈ ಸಲ ಅಂಕಿಯನ್ನು ಪೆಟ್ಟಿಗೆಗೇ ಕಟ್ಟಿದರು. ಮಿತಿ ಮೀರಿದ ಪೆಟ್ಟಿಗೆಯನ್ನು ಅನುಮತಿಯಿಲ್ಲದೆ ಇಟ್ಟುಕೊಳ್ಳುವುದೇ ಅಪರಾಧವಾಯಿತು. ವರ್ಷ ಮುಗಿಯುವುದರೊಳಗೆ 50,000ಕ್ಕೂ ಹೆಚ್ಚು ಕೋವಿಗಳನ್ನು ಜನ ಒಪ್ಪಿಸಿ ಪರಿಹಾರ ಪಡೆದರು.

ಹಾಗೆ ಒಪ್ಪಿಸಿದವರಲ್ಲಿ ಕ್ರೀಡಾಳುಗಳೂ ಇದ್ದರು. ಓಡುತ್ತ, ತಿರುಗುತ್ತ, ಗಡಿಯಾರದ ಜೊತೆ ಪಂದ್ಯ ಕಟ್ಟಿ ಗುಂಡು ಹಾರಿಸುವ ಸ್ಪರ್ಧೆಗಳಿವೆ. ಅಲ್ಲಿ ದೊಡ್ಡ ಪೆಟ್ಟಿಗೆ ಆಟದ ಸಲಕರಣೆಯೇ ಹೌದು. ಒಬ್ಬನ ಪಾಪಕ್ಕೆ ನಾವೇಕೆ ದಂಡ ತೆರಬೇಕೆಂಬ ಅವರ ಅಳಲು ಸುಳ್ಳಲ್ಲ. ವರ್ಷಗಟ್ಟಲೆ ನಿಯಮ ಪಾಲಿಸಿದವರ ಕೈಯಿಂದಲೇ ವಸ್ತುವನ್ನು ಕಿತ್ತುಕೊಂಡಾಗ ನೋವಾಗದೆ ಇರುತ್ತದೆಯೇ? ಆ ನಷ್ಟವನ್ನು ಹಗುರವಾಗಿ ಕಾಣಬಾರದು. ಆದರೆ ಒಲಿಂಪಿಕ್ಸಿನ 50 ಮೀಟರ್ ಸ್ಪರ್ಧೆಗೆ ಆ ಕಾಯಿದೆಯಿಂದ ಒಂದು ಕೂದಲೂ ಕೊಂಕಲಿಲ್ಲ. ತಾನಾಗಿಯೇ ಒಂದು ಗುಂಡಿಗೆ ಮಿತಿ ಹಾಕಿಕೊಂಡ ಆಟಕ್ಕೆ ಹತ್ತರ ಮಿತಿಯ ಭಯವೆಲ್ಲಿಯದು!

ಮನೆಯಲ್ಲಿ ಹಳೆಯ ಕಾಲದ ಫ್ಯೂಜು ಇನ್ನೂ ಇದ್ದರೆ, ಈ ಭಾನುವಾರ ಅಪ್ಪನೋ ಅಮ್ಮನೋ ಮೇನ್ ಸ್ವಿಚ್ ಆರಿಸಿ ಅದನ್ನು ಹೊರತೆಗೆಯಲಿ. ಮಕ್ಕಳು ಪಕ್ಕದಲ್ಲಿ ನಿಂತು ನೋಡಲಿ. ಪಿಂಗಾಣಿಯ ಮೇಲೆ ಬರೆದ ಅಂಕಿಯನ್ನಲ್ಲ, ಒಳಗಿರುವ ತಂತಿಯನ್ನು.