ಜಪಾನಿನ ಕಾರು, ಮೂಡಲಗಿಯ ದಾರಿ

ಹುಕ್ಕೇರಿಯಿಂದ ಮೂಡಲಗಿಗೆ ಹೋಗಲು ದಾರಿ ತಪ್ಪುವ ಪ್ರಸಂಗವೇ ಇಲ್ಲ. ಘಟಪ್ರಭಾಕ್ಕೆ ಬಂದು, ಕೊಣ್ಣೂರು ದಾಟಿ, ಜಲಪಾತ ನೋಡಿಕೊಂಡು ಗೋಕಾಕ ಸೇರಿದರೆ, ಅಲ್ಲಿಂದ ಲೋಳಸೂರ ಸೇತುವೆ ದಾಟಿ ಮೂಡಲಗಿ. ಆದರೂ ನ್ಯೂಜಿಲೆಂಡಿನಿಂದ ಬಂದಿದ್ದ ನನ್ನ ಅಕ್ಕನ ಮಗ ಬಾಡಿಗೆ ಕಾರು ಹತ್ತಿದವನೇ ಫೋನನ್ನು ಮುಂದಿನ ಗಾಜಿಗೆ ಅಂಟಿಸಿ ನಕಾಶೆ ಹಚ್ಚಿದ. ಡ್ರೈವರು ಒಮ್ಮೆ ನನ್ನ ಮುಖ ನೋಡಿ ಸುಮ್ಮನಾದ. ಅವನು ಈ ದಾರಿಯಲ್ಲಿ ಇಪ್ಪತ್ತು ವರ್ಷ ಗಾಡಿ ಓಡಿಸಿದವನು.

ಆದಿಲಶಾಹಿ ಕಾಲದ ಗುಮ್ಮಟಗಳು ಹಿಂದೆ ಸರಿದವು. ಹೂವಿನ ಕೇರಿಯೇ ಹುಕ್ಕೇರಿಯಾಯಿತು ಎಂದು ಊರವರು ಹೇಳುವ ಕಥೆಯನ್ನು ಅಳಿಯನ ಹತ್ತು ವರ್ಷದ ಮಗಳಿಗೆ ಹೇಳುತ್ತಿದ್ದೆ. ಅಷ್ಟರಲ್ಲಿ ಫೋನಿನೊಳಗಿನ ಹೆಂಗಸು ಬಾಯಿಬಿಟ್ಟಳು. ಅವಳ ಇಂಗ್ಲಿಷಿನಲ್ಲಿ ನಾವು ಹೊರಟದ್ದು ‘ಮುಡಾಲ್ಜಿ’ಗೆ! ಡ್ರೈವರು ಬಿದ್ದು ಬಿದ್ದು ನಕ್ಕ. ಅಳಿಯ ಭಾಷೆ ಬದಲಿಸಿ ಕನ್ನಡ ಮಾಡಿದ. ಈಗ ಪರದೆಯ ಮೇಲೆ ‘ಮುದಲ್ಗಿ’ ಮೂಡಿತು. ಇಂಗ್ಲಿಷಿನ ಒಂದೇ ‘ಡಿ’ಯಲ್ಲಿ ನಮ್ಮ ದ, ಡ ಎರಡೂ ಅಡಗಿರುತ್ತವೆ. ಯಂತ್ರ ತನಗೆ ತಿಳಿದದ್ದನ್ನು ಆರಿಸಿಕೊಂಡಿತ್ತು.

“ಇದೇನ ದೊಡ್ಡದಲ್ಲ ಮಾಮಾ, ನನ್ನ ಆಕ್ಲೆಂಡಿನ ಕಾರಿನ ಕಥಿ ಕೇಳ್ರಿ” ಎಂದ ಅಳಿಯ.

ಅಲ್ಲಿ ಜಪಾನಿನಲ್ಲಿ ಓಡಿಸಿ ಬಿಟ್ಟ ಕಾರುಗಳು ಹಡಗಿನಲ್ಲಿ ಬರುತ್ತವಂತೆ. ಎರಡೂ ದೇಶಗಳಲ್ಲಿ ನಮ್ಮ ಹಾಗೆಯೇ ಸ್ಟೇರಿಂಗು ಬಲಕ್ಕೆ, ಹಾಗಾಗಿ ತೊಂದರೆಯಿಲ್ಲ. ತೊಂದರೆ ಇರುವುದು ಡ್ಯಾಶ್‌ಬೋರ್ಡಿನಲ್ಲಿ ಕೂತ ದಾರಿತೋರುಕದ್ದು. ಕೀಲಿ ತಿರುಗಿಸಿದರೆ ಸಾಕು, ಹೆಣ್ಣುದನಿಯೊಂದು ವಿನಯದಿಂದ ಜಪಾನಿ ಭಾಷೆಯಲ್ಲಿ ಏನನ್ನೋ ಹೇಳುತ್ತದೆ. ಇವನು ಅದನ್ನು ‘ನಮಸ್ಕಾರ’ ಅಂದುಕೊಂಡು ಆರು ತಿಂಗಳು ಕಳೆದ. ಕೊನೆಗೆ ಅರ್ಥ ತಿಳಿಯಿತು: ‘ಟೋಲಿನ ಕಾರ್ಡು ಹಾಕಿಲ್ಲ’. ನಮ್ಮ ಫಾಸ್ಟ್ಯಾಗಿನಂತೆ ಜಪಾನಿನ ಹೆದ್ದಾರಿಗಳಿಗೆ ಒಂದು ಕಾರ್ಡು. ಸಾವಿರಾರು ಮೈಲು ದೂರದ ಟೋಲುನಾಕೆಯ ಚಿಂತೆ ಆ ಪೆಟ್ಟಿಗೆಗೆ ಇನ್ನೂ ತೀರಿಲ್ಲ. ರೇಡಿಯೋದ್ದೂ ಅದೇ ಹಾಡು. ಜಪಾನಿನ ಎಫ್‌ಎಂ 76 ಮೆಗಾಹರ್ಟ್ಸ್‌ನಿಂದ ಶುರುವಾಗಿ, ಹಳೆಯ ಸೆಟ್ಟುಗಳಲ್ಲಿ 90ಕ್ಕೆ ಮುಗಿಯುತ್ತದೆ. ಉಳಿದ ಕಡೆಯ ಸ್ಟೇಷನ್ನುಗಳು ಬಹುಪಾಲು ಅದರ ಮೇಲಿರುತ್ತವೆ.

ಅಳಿಯ ಹಣ ಕೊಟ್ಟು, ಬಲ್ಲವನೊಬ್ಬನಿಂದ ಅದರ ಸಾಫ್ಟ್‌ವೇರ್ ಬದಲಿಸಿದ. ಮೆನುವೆಲ್ಲ ಇಂಗ್ಲಿಷಾಯಿತು. ಸಂಭ್ರಮದಿಂದ ನಕಾಶೆ ತೆರೆದರೆ ಬರೀ ನೀಲಿ! ಕಾರು ಸಮುದ್ರದ ಮೇಲೆ ಓಡುತ್ತಿತ್ತು.

ಮೇಷ್ಟರಾದ ನನಗೆ ಇಲ್ಲಿ ಸುಮ್ಮನಿರಲಾಗಲಿಲ್ಲ. ಉಪಗ್ರಹಕ್ಕೆ ಭಾಷೆಯೂ ಇಲ್ಲ, ನಕಾಶೆಯೂ ಇಲ್ಲ. ಸುಮಾರು 20,200 ಕಿಲೋಮೀಟರ್ ಎತ್ತರದಿಂದ ಅದು ಸಾರುವುದು ತಾನೆಲ್ಲಿದ್ದೇನೆ, ಗಂಟೆ ಎಷ್ಟು ಎಂಬುದನ್ನಷ್ಟೇ. ಅಂಥ ನಾಲ್ಕರ ಸಂಕೇತ ಸಿಕ್ಕರೆ ಕೆಳಗಿನ ಯಂತ್ರ ಲೆಕ್ಕ ಹಾಕಿ ತನ್ನ ಜಾಗ ತಿಳಿಯುತ್ತದೆ. ಗಡಿಯಾರ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ ತಪ್ಪಿದರೂ ದೂರದಲ್ಲಿ 300 ಮೀಟರ್ ವ್ಯತ್ಯಾಸ. ಆ ಪೆಟ್ಟಿಗೆಗೆ ತಾನು ಇರುವ ಜಾಗ ಸರಿಯಾಗಿಯೇ ಗೊತ್ತಿತ್ತು. ಆ ಜಾಗದಲ್ಲಿ ಏನಿದೆ ಎಂಬುದು ಗೊತ್ತಿರಲಿಲ್ಲ. ಅದರ ಹೊಟ್ಟೆಯೊಳಗೆ ಇದ್ದದ್ದು ಜಪಾನಿನ ರಸ್ತೆಗಳು ಮಾತ್ರ. ಉಪಗ್ರಹಗಳ ನೆರವಿಲ್ಲದೆಯೇ ಹೋಂಡಾದವರು 1981ರಲ್ಲಿ ಕಾರಿಗೆ ದಾರಿತೋರುಕ ಕೂರಿಸಿದ್ದರು. ಕಾರು ಎತ್ತ ತಿರುಗಿತೆಂದು ಗೈರೋಸ್ಕೋಪು ಅಳೆಯುತ್ತಿತ್ತು, ನಕಾಶೆ ಪಾರದರ್ಶಕ ಹಾಳೆಯ ಮೇಲಿರುತ್ತಿತ್ತು. ಹಾಳೆಯಾದರೆ ಬದಲಿಸಬಹುದಿತ್ತು!

ನಮ್ಮಲ್ಲೂ ನೀಲಿಯ ಕೆಳಗೆ ಊರುಗಳಿವೆ ಎಂದೆ. ಹಿಡಕಲ್ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಹುನ್ನೂರಿನ ವಿಠ್ಠಲ ಗುಡಿ, ನೀರು ತೀರ ಇಳಿದ ಬೇಸಿಗೆಯಲ್ಲಿ ಎದ್ದು ನಿಲ್ಲುತ್ತದೆ.

ಡಿಸೆಂಬರಾದ್ದರಿಂದ ಗೋಕಾಕ ಜಲಪಾತ ಸೊರಗಿತ್ತು. 52 ಮೀಟರ್ ಬಂಡೆಯ ಮೈಮೇಲೆ ಒಂದೆರಡು ಬಿಳಿ ಎಳೆ. ಮಳೆಗಾಲದಲ್ಲಿ ಬರಬೇಕಿತ್ತೆಂದು ಎಲ್ಲರೂ ಎಲ್ಲರಿಗೂ ಹೇಳಿದೆವು. ಊರಿನಲ್ಲಿ ಕರದಂಟು ಕಟ್ಟಿಸಿಕೊಳ್ಳುವಾಗ ಅಳಿಯನ ಹೆಂಡತಿ, “ಗೋಕಾಕ ಚಳವಳಿ ಇಲ್ಲೇ ಆಗಿದ್ದಾ?” ಎಂದಳು. ಬಹಳ ಮಂದಿ ಹಾಗೆಯೇ ತಿಳಿದಿದ್ದಾರೆ. 1982ರ ಆ ಚಳವಳಿಗೆ ಹೆಸರು ಬಂದದ್ದು ಭಾಷಾ ಸಮಿತಿಯ ಅಧ್ಯಕ್ಷರಾಗಿದ್ದ ವಿ.ಕೃ. ಗೋಕಾಕರಿಂದ, ಊರಿನಿಂದಲ್ಲ.

ಲೋಳಸೂರ ಸೇತುವೆ ದಾಟಿದ ಮೇಲೆ ಎರಡೂ ಕಡೆ ಕಬ್ಬು. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತಿರುವಾಗ ಅಳಿಯ ತನ್ನ ಕಾರಿನ ಹಳೆಯ ಪರದೆಯ ಚಿತ್ರ ತೋರಿಸಿದ. ಊರ ಹೆಸರು ಒತ್ತುವ ಅಕ್ಷರಗಳ ಪಟ್ಟಿ ಅದು. ಮಗಳು ಶಾಲೆಯಲ್ಲಿ ಜಪಾನಿ ಕಲಿಯುತ್ತಾಳೆ, ಓದಿ ಹೇಳಿದಳು. ಅ, ಇ, ಉ, ಎ, ಒ. ಆಮೇಲೆ ಕ, ಕಿ, ಕು, ಕೆ, ಕೊ. ಸಾಲುಗಳ ಕ್ರಮ ಕ, ಸ, ತ, ನ, ಹ, ಮ, ಯ, ರ, ವ.

ನನಗೆ ಮೈ ಜುಂ ಎಂದಿತು. ಇದು ನಮ್ಮ ವರ್ಣಮಾಲೆಯ ನಡಿಗೆ! ‘ಸ’ ಇರುವಲ್ಲಿ ‘ಚ’, ‘ಹ’ ಇರುವಲ್ಲಿ ‘ಪ’ ಇಟ್ಟು ನೋಡಿ. ಹಳೆಯ ಜಪಾನಿಯಲ್ಲಿ ‘ಹ’ದ ಉಚ್ಚಾರ ‘ಪ’ಕ್ಕೆ ಹತ್ತಿರವೇ ಇತ್ತು. ಸಂಸ್ಕೃತ ಮಂತ್ರಗಳಿಗಾಗಿ ಸಿದ್ಧಂ ಲಿಪಿ ಕಲಿತ ಬೌದ್ಧ ಭಿಕ್ಷುಗಳ ಮೂಲಕ ಈ ಕ್ರಮ ಅಲ್ಲಿಗೆ ಹೋಯಿತು. ಅಳಿಯ ದುಡ್ಡು ಕೊಟ್ಟು ಅಳಿಸಿ ಎ, ಬಿ, ಸಿ, ಡಿ ಮಾಡಿಸಿದ್ದು ಇದನ್ನೇ.

“ಇದರಾಗ ಮೂಡಲಗಿ ಬರಿ ನೋಡೋಣ” ಎಂದೆ. ಬರೆದು ಓದಿದಳು: “ಮೂದರಗಿ.” ಆ ಭಾಷೆಗೆ ‘ಡ’ವೂ ಇಲ್ಲ, ‘ಲ’ವೂ ಇಲ್ಲ. ಹಾಗಾದರೆ ಸರಿಯಾಗಿ ಯಾವುದರಲ್ಲಿ ಬರೆಯಬೇಕೆಂದು ಅವಳೇ ಕೇಳಿದಳು. ಅವಳಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಕರದಂಟಿನ ಪೊಟ್ಟಣದ ಮೇಲೆ ನಾಲ್ಕು ಅಕ್ಷರ ಬರೆದುಕೊಟ್ಟೆ. ಮುಂದಿನ ಕಿಲೋಮೀಟರ್ ಕಲ್ಲುಗಳನ್ನೆಲ್ಲ ಪೊಟ್ಟಣ ಹಿಡಿದು ತಾಳೆ ನೋಡಿದಳು. ಮೂರನೆಯ ಕಲ್ಲಿಗೆ ಪೊಟ್ಟಣ ಬೇಕಾಗಲಿಲ್ಲ.

ಊರು ಮುಟ್ಟುವ ಮೊದಲೇ, ಒಂದು ಕಬ್ಬಿನ ಗದ್ದೆಯ ಮುಂದೆ, ಗುರಿ ಬಂತೆಂದು ಫೋನು ಸಾರಿತು. ಡ್ರೈವರು ಗಾಜು ಇಳಿಸಿ ಚಹಾದಂಗಡಿಯವನನ್ನು ಕೇಳಿದ.

“ಸೀದಾ ಹೋಗ್ರಿ, ಬೇವಿನ ಗಿಡದ ಹತ್ರ ಎಡಕ್ಕ ಹೊಳ್ರಿ. ಬಾಗಲದಾಗ ಅಜ್ಜಿ ಕುಂತಾಳ.”

ಅಜ್ಜಿ ಕೂತಿದ್ದಳು. ರೊಟ್ಟಿ ಆರಿದ್ದವು.